ಬೈಕ್ ರೇಸ್‌ಗೆ ಇಳಿಯುವ ಆಸೆಯೇ? ಒಂದು ಸೀಸನ್‌ನ ಖರ್ಚು ಲೆಕ್ಕ ಹಾಕುವುದು ಹೀಗೆ

ರೇಸ್‌ಗೆ ಇಳಿಯಬೇಕು ಎಂದುಕೊಂಡವರು ಮೊದಲು ಕೇಳುವ ಪ್ರಶ್ನೆ 'ಬೈಕ್ ಎಷ್ಟಾಗುತ್ತೆ?' ಒಂದು ಸೀಸನ್ ಮುಗಿಸಿದವರು ಕೇಳುವ ಪ್ರಶ್ನೆಯೇ ಬೇರೆ: 'ಒಂದು ವಾರಾಂತ್ಯಕ್ಕೆ ಎಷ್ಟಾಯ್ತು?' ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲೇ ಅನೇಕ ಹವ್ಯಾಸಿ ಸವಾರರ ಉಳಿತಾಯ ಕರಗಿಹೋಗುತ್ತದೆ. ಬೈಕ್‌ಗೆ ದುಡ್ಡು ಹೊಂದಿಸಿದ ಸವಾರ ಟೈರ್, ಸಾಗಣೆ, ಲಾಡ್ಜ್, ಬಿದ್ದಾಗಿನ ರಿಪೇರಿ ಇವನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಕನ್ನಡಿಗರಿಗೆ ಈ ಕ್ರೀಡೆ ಹೊಸದೇನಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ ಪ್ರಶಸ್ತಿ ಗೆದ್ದರು. ಇಂಥ ಹೆಸರುಗಳನ್ನು ನೋಡಿ ಟ್ರ್ಯಾಕ್ ಕಡೆ ಮುಖ ಮಾಡುವ ಯುವಕ, ಯುವತಿಯರು ಒಂದು ಮಾತು ನೆನಪಿಡಬೇಕು. ಕಂಪನಿಯ ತಂಡ ಖರ್ಚು ವಹಿಸಿಕೊಳ್ಳುವುದು ಫಲಿತಾಂಶ ಬಂದ ಮೇಲೆ. ಅಲ್ಲಿಯವರೆಗೆ ಖರ್ಚು ಸ್ವಂತದ್ದು.

ಹಾಗಾದರೆ ಹವ್ಯಾಸಿ ಸವಾರ ಬಜೆಟ್ ಹಾಕುವುದು ಹೇಗೆ? ಯಾವುದಕ್ಕೆ ಹಣ ಮೀಸಲಿಡಬೇಕು, ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಲೇಬಾರದು? ಇಲ್ಲಿದೆ ವಿವರ.

ರೇಸ್ ನಡೆಯುವುದು ಎಲ್ಲಿ?

ಬಜೆಟ್‌ನ ಮೊದಲ ಸಾಲು ಬೈಕ್ ಅಲ್ಲ, ದೂರ. ದೇಶದಲ್ಲಿ ಬೈಕ್ ರೇಸ್ ನಡೆಸಬಲ್ಲ ದೊಡ್ಡ ಟ್ರ್ಯಾಕ್‌ಗಳು ಬೆರಳೆಣಿಕೆಯಷ್ಟು. ಚೆನ್ನೈ ಹೊರವಲಯದ ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟೈನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಟ್ರ್ಯಾಕ್ ಇದೆ. 1990ರಲ್ಲಿ ಆರಂಭವಾದ ಇದರ ಉದ್ದ ಸುಮಾರು 3.7 ಕಿ.ಮೀ. ಅದಕ್ಕೂ ಮೊದಲು ಮದ್ರಾಸ್‌ನ ರೇಸ್‌ಗಳು ಶೋಳಾವರಂನ ಹಳೆಯ ವಿಮಾನ ನೆಲೆಯಲ್ಲಿ ನಡೆಯುತ್ತಿದ್ದವು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಉದ್ದವಿದೆ. ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್ 5.1 ಕಿ.ಮೀ.ಗೂ ಉದ್ದ. 2023ರಲ್ಲಿ ಮೋಟೋಜಿಪಿ ನಡೆದದ್ದು ಅಲ್ಲೇ.

ಆದರೆ ಹವ್ಯಾಸಿಗಳು ಭಾಗವಹಿಸುವ ರಾಷ್ಟ್ರೀಯ ಸುತ್ತುಗಳು ಹೆಚ್ಚಾಗಿ ನಡೆಯುವುದು ಚೆನ್ನೈ ಮತ್ತು ಕೊಯಮತ್ತೂರಿನಲ್ಲಿ. ಹೀಗಾಗಿ ಚೆನ್ನೈನಲ್ಲಿರುವ ಕನ್ನಡಿಗನಿಗೆ ಟ್ರ್ಯಾಕ್ ಎಂದರೆ ಬೆಳಗ್ಗೆ ಹೋಗಿ ರಾತ್ರಿ ಮನೆ ಸೇರುವ ಜಾಗ. ಬೆಂಗಳೂರಿನವರಿಗೆ ಅದು 300 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಹೈದರಾಬಾದ್‌ನಿಂದ 600 ಕಿ.ಮೀ. ದಾಟುತ್ತದೆ. ಪುಣೆ, ಮುಂಬೈನಿಂದ ಸಾವಿರ ಕಿ.ಮೀ.ಗೂ ಹೆಚ್ಚು, ದೆಹಲಿಯಿಂದ ಎರಡು ಸಾವಿರಕ್ಕೂ ಹೆಚ್ಚು. ಒಂದೇ ಬೈಕ್, ಒಂದೇ ರೇಸ್ ಆದರೂ ಊರು ಬದಲಾದರೆ ಬಜೆಟ್ ಬದಲಾಗುತ್ತದೆ.

ಎರಡು ದಾರಿಗಳು

ಹೊಸಬರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಒನ್ ಮೇಕ್ ರೇಸ್. ಇಲ್ಲಿ ಕಂಪನಿಯೇ ಒಂದೇ ಮಾದರಿಯ ಬೈಕ್‌ಗಳನ್ನು ಸಿದ್ಧಪಡಿಸಿ ಸವಾರರಿಗೆ ಕೊಡುತ್ತದೆ. ಟಿವಿಎಸ್ 1994ರಿಂದ ಇಂಥ ಚಾಂಪಿಯನ್‌ಶಿಪ್ ನಡೆಸುತ್ತಿದೆ. ರಾಯಲ್ ಎನ್‌ಫೀಲ್ಡ್‌ನ ಕಾಂಟಿನೆಂಟಲ್ ಜಿಟಿ ಕಪ್ 2021ರಲ್ಲಿ ಶುರುವಾಯಿತು. ಆಯ್ಕೆ ಸುತ್ತಿನಲ್ಲಿ ಒಳ್ಳೆಯ ಲ್ಯಾಪ್ ಸಮಯ ತೋರಿದವರಿಗೆ ಅವಕಾಶ ಸಿಗುತ್ತದೆ. ಬೈಕ್ ಕೊಳ್ಳುವ, ಸಾಗಿಸುವ, ಮೆಕ್ಯಾನಿಕ್ ಹುಡುಕುವ ಚಿಂತೆ ಬಹುಪಾಲು ತಪ್ಪುತ್ತದೆ.

ಎರಡನೆಯದು ಸ್ವಂತ ಬೈಕ್‌ನೊಂದಿಗೆ, ಅಥವಾ ಖಾಸಗಿ ತಂಡದ ಬೈಕ್ ಬಾಡಿಗೆಗೆ ಪಡೆದು, ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ನೋವಿಸ್ ವಿಭಾಗದಲ್ಲಿ ಸ್ಪರ್ಧಿಸುವುದು. 165 ಸಿಸಿ ವರ್ಗ ಹೊಸಬರಿಗೆ ಸಾಮಾನ್ಯ ಪ್ರವೇಶದ್ವಾರ. ಇಲ್ಲಿ ಸ್ವಾತಂತ್ರ್ಯ ಹೆಚ್ಚು, ಖರ್ಚೂ ಹೆಚ್ಚು.

ಯಾವ ದಾರಿ ಹಿಡಿದರೂ ಹಣ ಕಟ್ಟುವ ಮುನ್ನ ಸಂಘಟಕರನ್ನು ಕೇಳಬೇಕಾದ ಪ್ರಶ್ನೆಗಳು ಇವು:

- ಪ್ರವೇಶ ಶುಲ್ಕದಲ್ಲಿ ಟೈರ್, ಪೆಟ್ರೋಲ್, ಅಭ್ಯಾಸದ ಸೆಷನ್ ಸೇರಿದೆಯೇ?
- ಬೈಕ್ ಬಿದ್ದು ಹಾನಿಯಾದರೆ ದುಡ್ಡು ಕಟ್ಟುವವರು ಯಾರು? ಅದಕ್ಕೆ ಮಿತಿ ಇದೆಯೇ?
- ಮುಂಗಡ ಠೇವಣಿ ಇದೆಯೇ? ಅದು ಯಾವಾಗ ವಾಪಸ್ ಬರುತ್ತದೆ?
- ಗಾಯವಾದರೆ ಆಸ್ಪತ್ರೆ ವೆಚ್ಚಕ್ಕೆ ಸಂಘಟಕರ ವಿಮೆ ಎಷ್ಟರವರೆಗೆ ಅನ್ವಯಿಸುತ್ತದೆ?
- ಸುತ್ತು ಮುಂದೂಡಿದರೆ ಶುಲ್ಕ ಏನಾಗುತ್ತದೆ?

ಉತ್ತರಗಳು ಬಾಯಿಮಾತಿನಲ್ಲಿ ಬೇಡ, ಇ-ಮೇಲ್‌ನಲ್ಲಿರಲಿ. ದೇಶದಲ್ಲಿ ಈ ಕ್ರೀಡೆಯ ನಿಯಂತ್ರಣ ಎಫ್‌ಎಂಎಸ್‌ಸಿಐ ಕೈಯಲ್ಲಿದೆ. ಸ್ಪರ್ಧಿಸಲು ಅದರ ಪರವಾನಗಿ ಬೇಕು. ಶುಲ್ಕ, ವಯಸ್ಸು, ವೈದ್ಯಕೀಯ ಪ್ರಮಾಣಪತ್ರ, ತರಬೇತಿಗೆ ಸಂಬಂಧಿಸಿದ ಷರತ್ತುಗಳನ್ನು ಆಯಾ ವರ್ಷದ ನಿಯಮಾವಳಿಯಲ್ಲೇ ನೋಡಿಕೊಳ್ಳಬೇಕು.

ಖರ್ಚಿಗೆ ಮೂರು ಡಬ್ಬಿ

ಎಲ್ಲ ಖರ್ಚನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಲೆಕ್ಕ ತಪ್ಪುತ್ತದೆ. ಮೂರು ಡಬ್ಬಿಗಳಾಗಿ ಬೇರ್ಪಡಿಸುವುದು ಸುಲಭ.

1. ಒಂದೇ ಬಾರಿಯ ಖರ್ಚು: ಬೈಕ್, ಅದನ್ನು ರೇಸ್‌ಗೆ ಸಜ್ಜುಗೊಳಿಸುವುದು, ಹೆಲ್ಮೆಟ್, ಸೂಟ್, ಬೂಟು, ಗ್ಲೌಸ್, ತರಬೇತಿ.

2. ಪ್ರತಿ ಸುತ್ತಿನ ಖರ್ಚು: ಪ್ರವೇಶ ಶುಲ್ಕ, ಅಭ್ಯಾಸ, ಟೈರ್, ಪೆಟ್ರೋಲ್, ಆಯಿಲ್, ಬ್ರೇಕ್ ಪ್ಯಾಡ್, ಬೈಕ್ ಸಾಗಣೆ, ಪ್ರಯಾಣ, ಲಾಡ್ಜ್, ಊಟ, ಮೆಕ್ಯಾನಿಕ್.

3. ಬಿದ್ದಾಗಿನ ಖರ್ಚು: ಬಿಡಿಭಾಗ, ಚಿಕಿತ್ಸೆ, ಕೆಲಸಕ್ಕೆ ಹೋಗಲಾಗದ ದಿನಗಳು.

ಮೊದಲ ಡಬ್ಬಿ ಎಲ್ಲರಿಗೂ ಕಾಣುತ್ತದೆ. ಎರಡನೆಯದು ನಿಧಾನವಾಗಿ ಕಾಣುತ್ತದೆ. ಮೂರನೆಯದು ಬಿದ್ದ ಮೇಲೆಯೇ ಕಾಣುತ್ತದೆ. ಬಜೆಟ್ ಹಾಕುವುದೆಂದರೆ ಮೂರನೆಯದನ್ನು ಮೊದಲೇ ಕಾಣುವಂತೆ ಮಾಡುವುದು.

ಒಂದು ಮಾದರಿ ಲೆಕ್ಕ

ಪುಣೆಯಲ್ಲಿ ಕೆಲಸ ಮಾಡುವ ಸವಾರನೊಬ್ಬ ಹಳೆಯ 165 ಸಿಸಿ ವರ್ಗದ ಬೈಕ್ ಕೊಂಡು ಚೆನ್ನೈನಲ್ಲಿ ವರ್ಷಕ್ಕೆ 3 ಸುತ್ತು ಓಡಿಸುತ್ತಾನೆ ಎಂದುಕೊಳ್ಳೋಣ. ಕೆಳಗಿನ ಮೊತ್ತಗಳು ಲೆಕ್ಕದ ವಿಧಾನ ತೋರಿಸಲು ಇಟ್ಟುಕೊಂಡ ಅಂದಾಜುಗಳು ಮಾತ್ರ. ಪ್ರತಿಯೊಬ್ಬರೂ ತಮ್ಮೂರಿನ ದರಗಳನ್ನು ಕೇಳಿ ಇವುಗಳ ಜಾಗದಲ್ಲಿ ಹಾಕಿಕೊಳ್ಳಬೇಕು.

ಒಂದೇ ಬಾರಿಯ ಖರ್ಚು:
- ಹಳೆಯ ಬೈಕ್: 80,000 ರೂ.
- ರೇಸ್‌ಗೆ ಸಜ್ಜುಗೊಳಿಸಲು: 35,000 ರೂ.
- ಹೆಲ್ಮೆಟ್, ಲೆದರ್ ಸೂಟ್, ಗ್ಲೌಸ್, ಬೂಟು, ಬೆನ್ನು ಮತ್ತು ಎದೆ ರಕ್ಷಕ: 70,000 ರೂ.
- ತರಬೇತಿ: 25,000 ರೂ.
- ಪರವಾನಗಿ, ವೈದ್ಯಕೀಯ ತಪಾಸಣೆ: 5,000 ರೂ.
- ಒಟ್ಟು: 2,15,000 ರೂ.

ಪ್ರತಿ ಸುತ್ತಿಗೆ:
- ಪ್ರವೇಶ ಶುಲ್ಕ: 12,000 ರೂ.
- ಹೆಚ್ಚುವರಿ ಅಭ್ಯಾಸ: 6,000 ರೂ.
- ಟೈರ್: 8,000 ರೂ.
- ಪೆಟ್ರೋಲ್, ಆಯಿಲ್, ಪ್ಯಾಡ್, ಚೈನ್: 5,000 ರೂ.
- ಬೈಕ್ ಸಾಗಣೆ: 12,000 ರೂ.
- ಪ್ರಯಾಣ, ಲಾಡ್ಜ್, ಊಟ: 9,000 ರೂ.
- ಮೆಕ್ಯಾನಿಕ್: 5,000 ರೂ.
- ಒಟ್ಟು: 57,000 ರೂ. ಮೂರು ಸುತ್ತಿಗೆ 1,71,000 ರೂ.

ಇದಕ್ಕೆ ಬಿದ್ದಾಗಿನ ನಿಧಿ 40,000 ರೂ. ಸೇರಿಸಿದರೆ 4,26,000 ರೂ. ಆಗುತ್ತದೆ. ಕೈಮೀರುವ ಖರ್ಚಿಗೆ ಶೇ 10 ಸೇರಿಸಿದರೆ 4,68,600 ರೂ.

ಇದರಲ್ಲಿ ಬೈಕ್‌ನ ಪಾಲು ಹೆಚ್ಚುಕಡಿಮೆ ಆರರಲ್ಲಿ ಒಂದು ಭಾಗ. 'ಬೈಕ್ ಎಷ್ಟಾಗುತ್ತೆ' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಾಗ ಇನ್ನೂ ಐದು ಭಾಗ ಲೆಕ್ಕಕ್ಕೇ ಬಂದಿರುವುದಿಲ್ಲ.

ಎರಡನೇ ವರ್ಷ ಬೈಕ್, ಸೂಟ್, ತರಬೇತಿಯ ಖರ್ಚು ಇಲ್ಲ. ಹಾಗಿದ್ದರೂ ಮೂರು ಸುತ್ತು, ಪರವಾನಗಿ ನವೀಕರಣ, ಬಿದ್ದಾಗಿನ ನಿಧಿ ಸೇರಿ 2,16,000 ರೂ. ಬೇಕು. ರೇಸ್ ಒಮ್ಮೆ ಕಟ್ಟಿ ಮುಗಿಸುವ ಖರ್ಚಲ್ಲ, ಪ್ರತಿ ವರ್ಷ ಬರುವ ಖರ್ಚು.

ಇದೇ ಸವಾರ ಚೆನ್ನೈನಲ್ಲೇ ಇದ್ದರೆ? ಸಾಗಣೆ 12,000 ರೂ. ಬದಲು 3,000 ರೂ., ಪ್ರಯಾಣ, ಲಾಡ್ಜ್, ಊಟಕ್ಕೆ 9,000 ರೂ. ಬದಲು 2,000 ರೂ. ಸಾಕು ಎಂದುಕೊಂಡರೆ ಸುತ್ತಿಗೆ 16,000 ರೂ., ಸೀಸನ್‌ಗೆ 48,000 ರೂ. ಉಳಿಯುತ್ತದೆ. ಅದು ಇಡೀ ಬಿದ್ದಾಗಿನ ನಿಧಿಗಿಂತ ಹೆಚ್ಚು.

ಒಂದು ಲ್ಯಾಪ್‌ಗೆ ಎಷ್ಟು?

ಒಟ್ಟು ಮೊತ್ತಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಲ್ಯಾಪ್‌ನ ಲೆಕ್ಕ. ಒಂದು ವಾರಾಂತ್ಯದಲ್ಲಿ ಎರಡು ಅಭ್ಯಾಸ, ಒಂದು ಅರ್ಹತಾ ಸುತ್ತು, ಎರಡು ರೇಸ್, ಪ್ರತಿಯೊಂದರಲ್ಲೂ 6 ಲ್ಯಾಪ್ ಎಂದಿಟ್ಟುಕೊಂಡರೆ ಒಟ್ಟು 30 ಲ್ಯಾಪ್. ಚೆನ್ನೈ ಟ್ರ್ಯಾಕ್‌ನಲ್ಲಿ ಅದು 111 ಕಿ.ಮೀ. ಲ್ಯಾಪ್‌ಗೆ ಎರಡು ನಿಮಿಷಕ್ಕೆ ತುಸು ಹೆಚ್ಚು ಹಿಡಿದರೂ ಬೈಕ್ ಮೇಲೆ ಕೂರುವುದು ಒಂದು ಗಂಟೆಯ ಆಸುಪಾಸು ಮಾತ್ರ. 57,000 ರೂ.ಗಳನ್ನು 30ರಿಂದ ಭಾಗಿಸಿದರೆ ಲ್ಯಾಪ್‌ಗೆ 1,900 ರೂ.

ಈ ಸಂಖ್ಯೆ ಕೈಯಲ್ಲಿದ್ದರೆ ನಿರ್ಧಾರ ಸುಲಭ. ಹೊಸ ಎಕ್ಸಾಸ್ಟ್‌ಗೆ 19,000 ರೂ. ಕೊಡುವುದೆಂದರೆ 10 ಲ್ಯಾಪ್ ಬಿಟ್ಟುಕೊಟ್ಟಂತೆ. ಹೊಸ ಸವಾರನ ಸಮಯ ಕಡಿಮೆಯಾಗುವುದು ಹೆಚ್ಚಾಗಿ ಲ್ಯಾಪ್‌ಗಳಿಂದಲೇ ಹೊರತು ಎಕ್ಸಾಸ್ಟ್‌ನಿಂದಲ್ಲ. ನೋವಿಸ್ ವಿಭಾಗದ ನಿಯಮಗಳು ಯಾವ ಮಾರ್ಪಾಡಿಗೆ ಒಪ್ಪುತ್ತವೆ ಎಂಬುದನ್ನು ನೋಡದೆ ಬಿಡಿಭಾಗ ಕೊಂಡರೆ ದುಡ್ಡೂ ಹೋಯಿತು, ತಾಂತ್ರಿಕ ತಪಾಸಣೆಯಲ್ಲಿ ಬೈಕೂ ಹೊರಗೆ ನಿಂತಿತು ಎಂದಾಗುತ್ತದೆ.

ಬೈಕ್ ಕೊಳ್ಳುವಾಗ

ಕೊಳ್ಳುವ ಮುನ್ನ ಕೇಳಬೇಕಾದ್ದು ಬಿಡಿಭಾಗಗಳ ಬೆಲೆ. ಹ್ಯಾಂಡಲ್, ಕ್ಲಚ್ ಮತ್ತು ಬ್ರೇಕ್ ಲಿವರ್, ಫುಟ್‌ರೆಸ್ಟ್, ಗೇರ್ ಪೆಡಲ್ ಇವು ಬಿದ್ದಾಗ ಮೊದಲು ಮುರಿಯುತ್ತವೆ. ಇವು ಯಾವ ಊರಲ್ಲೂ ಸಿಗುವ, ಅಗ್ಗದ ಬಿಡಿಭಾಗಗಳಿರುವ ಬೈಕ್ ರೇಸ್‌ಗೆ ಅಗ್ಗ. ಎರಡು ವಾರ ಕಾದು ತರಿಸಬೇಕಾದ ಬಿಡಿಭಾಗದ ಬೈಕ್ ಕಡಿಮೆ ಬೆಲೆಗೆ ಸಿಕ್ಕರೂ ದುಬಾರಿಯೇ.

ತೆರಿಗೆಯೂ ಲೆಕ್ಕಕ್ಕೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಮೇಲಿನ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಅದಕ್ಕಿಂತ ದೊಡ್ಡವಕ್ಕೆ ಶೇ 40.

ರೇಸ್‌ಗೆ ಸಜ್ಜುಗೊಳಿಸುವುದೆಂದರೆ ಕನ್ನಡಿ, ದೀಪ, ಸ್ಟ್ಯಾಂಡ್ ತೆಗೆಯುವುದು, ಆಯಿಲ್ ಬೋಲ್ಟ್ ಸಡಿಲವಾಗದಂತೆ ತಂತಿ ಕಟ್ಟುವುದು, ಫೈಬರ್ ಫೇರಿಂಗ್ ಹಾಕುವುದು. ನೀರಿನಿಂದ ತಣಿಯುವ ಎಂಜಿನ್ ಇದ್ದರೆ ಕೂಲಂಟ್ ಬದಲು ಬರೀ ನೀರು ತುಂಬಿಸುವುದೂ ಉಂಟು. ಕೂಲಂಟ್ ಚೆಲ್ಲಿದರೆ ಟ್ರ್ಯಾಕ್ ಜಾರುವುದೇ ಇದಕ್ಕೆ ಕಾರಣ. ಹೀಗೆ ಸಜ್ಜಾದ ಬೈಕ್ ರಸ್ತೆಗೆ ಇಳಿಯುವಂತಿಲ್ಲ. ಹಾಗಾಗಿ ಸಾಗಣೆಗೆ ಟೆಂಪೊ ಅಥವಾ ರೈಲಿನ ಪಾರ್ಸೆಲ್ ಬೇಕು. ರೈಲಿನಲ್ಲಿ ಕಳುಹಿಸುವಾಗ ಟ್ಯಾಂಕ್‌ನ ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು, ಆರ್‌ಸಿ ಪ್ರತಿ ಜೊತೆಗಿರಬೇಕು.

ಉಳಿಸಬಹುದಾದ್ದು, ಉಳಿಸಬಾರದ್ದು

ಉಳಿತಾಯಕ್ಕೆ ಜಾಗವಿದೆ. ಒಂದೇ ಊರಿನ ಮೂವರು ಸವಾರರು ಒಂದೇ ಟೆಂಪೊದಲ್ಲಿ ಬೈಕ್ ಕಳುಹಿಸಿದರೆ ಸಾಗಣೆ ವೆಚ್ಚ ಮೂರು ಪಾಲಾಗುತ್ತದೆ. ಮೆಕ್ಯಾನಿಕ್, ಲಾಡ್ಜ್ ಕೋಣೆ, ಟೂಲ್ ಕಿಟ್ ಕೂಡ ಹಂಚಿಕೊಳ್ಳಬಹುದು. ಮುಂಬೈ, ಪುಣೆಯವರಿಗೆ ಇದು ದೊಡ್ಡ ಉಳಿತಾಯ. ಆಯಿಲ್ ಬದಲಿಸುವುದು, ಚೈನ್ ಬಿಗಿ ಮಾಡುವುದು, ಪ್ಯಾಡ್ ಹಾಕುವುದನ್ನು ಸ್ವತಃ ಕಲಿತರೆ ಇನ್ನೊಂದಿಷ್ಟು ಉಳಿಯುತ್ತದೆ.

ಉಳಿಸಲೇಬಾರದ ನಾಲ್ಕು ವಿಷಯಗಳಿವೆ: ಹೆಲ್ಮೆಟ್, ಬೆನ್ನು ರಕ್ಷಕ, ಟೈರ್, ಬ್ರೇಕ್. ಲೆದರ್ ಸೂಟ್ ಬಳಸಿದ್ದಾದರೂ ಹೊಲಿಗೆ ನೋಡಿ ಕೊಳ್ಳಬಹುದು. ಬಳಸಿದ ಹೆಲ್ಮೆಟ್ ಮಾತ್ರ ಬೇಡ. ಹೆಲ್ಮೆಟ್ ಒಳಗಿನ ಪದರ ಒಂದೇ ಪೆಟ್ಟು ತಡೆಯಲು ಮಾಡಿದ್ದು. ಒಮ್ಮೆ ಜೋರಾಗಿ ಬಡಿದರೆ ಹೊರಗೆ ಗೀರೂ ಕಾಣದಿರಬಹುದು, ಒಳಗೆ ಅದರ ಕೆಲಸ ಮುಗಿದಿರುತ್ತದೆ. ಟೈರ್‌ನ ವಿಷಯವೂ ಹೀಗೆಯೇ. ಟ್ರೆಡ್ ಉಳಿದಿದ್ದರೂ ಹಲವು ಬಾರಿ ಬಿಸಿಯಾಗಿ ತಣಿದ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ.

ವಿಮೆ: ಸಣ್ಣ ಅಕ್ಷರಗಳನ್ನು ಓದಿ

ಇದು ಬಹಳಷ್ಟು ಮಂದಿ ಎಡವುವ ಜಾಗ. ಸಾಮಾನ್ಯ ವಾಹನ ವಿಮೆ ಸಂಘಟಿತ ರೇಸ್ ಮತ್ತು ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ. ಅಂದರೆ ಟ್ರ್ಯಾಕ್‌ನಲ್ಲಿ ಬೈಕ್ ಪುಡಿಯಾದರೆ ಪೂರ್ತಿ ನಷ್ಟ ಸವಾರನದ್ದೇ.

ಆರೋಗ್ಯ ವಿಮೆಯಲ್ಲಿ ಐಆರ್‌ಡಿಎಐ ನಿಗದಿಪಡಿಸಿದ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿ ಇದೆ. ಅದರಲ್ಲಿ 'ಎಕ್ಸ್‌ಕ್ಲ್ 09' ಎಂಬ ಷರತ್ತು ಅಪಾಯಕಾರಿ ಕ್ರೀಡೆಗಳಿಗೆ ಸಂಬಂಧಿಸಿದ್ದು. ವೃತ್ತಿಪರರಾಗಿ ಅಪಾಯಕಾರಿ ಅಥವಾ ಸಾಹಸ ಕ್ರೀಡೆಗಳಲ್ಲಿ ಭಾಗವಹಿಸಿ ಗಾಯಗೊಂಡರೆ ಚಿಕಿತ್ಸಾ ವೆಚ್ಚ ಸಿಗುವುದಿಲ್ಲ ಎನ್ನುವ ಈ ಷರತ್ತಿನಲ್ಲಿ ಮೋಟಾರ್ ರೇಸಿಂಗ್ ಹೆಸರೂ ಇದೆ. ಇಲ್ಲಿ 'ವೃತ್ತಿಪರ' ಎಂಬ ಪದ ಮುಖ್ಯ. ಪರವಾನಗಿ ಪಡೆದು, ಶುಲ್ಕ ಕಟ್ಟಿ, ಹವ್ಯಾಸಕ್ಕಾಗಿ ಓಡಿಸುವವನನ್ನು ತಮ್ಮ ಕಂಪನಿ ಹೇಗೆ ಪರಿಗಣಿಸುತ್ತದೆ ಎಂದು ಸವಾರರು ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯಬೇಕು. ಕಚೇರಿಯ ಗುಂಪು ವಿಮೆ ಇದ್ದರೆ ಎಚ್‌ಆರ್ ವಿಭಾಗವನ್ನು ಕೇಳಬೇಕು. ಅಪಘಾತ ವಿಮೆ, ಟರ್ಮ್ ವಿಮೆಯ ಅರ್ಜಿಯಲ್ಲಿ ರೇಸ್ ಹವ್ಯಾಸವನ್ನು ಮುಚ್ಚಿಟ್ಟರೆ ಮುಂದೆ ಕುಟುಂಬಕ್ಕೆ ಪರಿಹಾರ ಸಿಗುವುದು ಕಷ್ಟವಾಗಬಹುದು.

ಅಪಾಯ ಕಾಗದದ ಮೇಲಿನದ್ದಲ್ಲ. 2023ರ ಆಗಸ್ಟ್‌ನಲ್ಲಿ ಚೆನ್ನೈ ಟ್ರ್ಯಾಕ್‌ನಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಶಿಪ್ ಸುತ್ತಿನಲ್ಲಿ ಬೆಂಗಳೂರಿನ 13 ವರ್ಷದ ಪ್ರತಿಭಾವಂತ ಬಾಲಕ ಬಿದ್ದು ಮೃತಪಟ್ಟಿದ್ದ. ಸಣ್ಣ ಪೆಟ್ಟುಗಳೂ ಬಜೆಟ್ ಅಲುಗಾಡಿಸುತ್ತವೆ. ಬೈಕ್‌ನಿಂದ ಬಿದ್ದವರಲ್ಲಿ ಕಾಲರ್ ಮೂಳೆ ಮುರಿತ ಸಾಮಾನ್ಯ. ಅದು ಕೂಡಲು ಸಾಮಾನ್ಯವಾಗಿ ಆರು ವಾರವಾದರೂ ಬೇಕು. ತಿಂಗಳ ಸಂಬಳದವರಿಗೆ ರಜೆ ಇರಬಹುದು. ಸ್ವಂತ ಅಂಗಡಿ, ಡೆಲಿವರಿ ಕೆಲಸ, ಟ್ಯಾಕ್ಸಿ ನಡೆಸುವವರಿಗೆ ಅಷ್ಟೂ ದಿನ ಆದಾಯವಿಲ್ಲ. ಬಿದ್ದಾಗಿನ ನಿಧಿಯಲ್ಲಿ ಎರಡು ತಿಂಗಳ ಮನೆ ಖರ್ಚು ಸೇರಿರಲಿ ಎನ್ನುವುದು ಇದಕ್ಕೇ. ಮೇಲಿನ ಮಾದರಿ ಲೆಕ್ಕದ 40,000 ರೂ. ಬೈಕ್ ರಿಪೇರಿಗೆ ಮಾತ್ರ. ಮನೆಗಾಗಿ ಇಡುವ ಹಣ ಅದರ ಹೊರಗೆ.

ಸಾಲ ಮಾಡಿ ರೇಸ್ ಬೇಡ

2 ಲಕ್ಷ ರೂ. ವೈಯಕ್ತಿಕ ಸಾಲವನ್ನು ಶೇ 14ರ ಬಡ್ಡಿಗೆ 3 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 6,835 ರೂ., ಒಟ್ಟು ಬಡ್ಡಿ ಸುಮಾರು 46,000 ರೂ. ಸೀಸನ್ ಆರು ತಿಂಗಳಲ್ಲಿ ಮುಗಿಯುತ್ತದೆ, ಕಂತು ಮೂರು ವರ್ಷ ನಡೆಯುತ್ತದೆ. ಬಿದ್ದು ಜಖಂಗೊಂಡ ರೇಸ್ ಬೈಕ್‌ಗೆ ಮಾರುಕಟ್ಟೆಯಲ್ಲಿ ಬೆಲೆಯೂ ಕಡಿಮೆ. ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡರಂತೂ ಬಡ್ಡಿ ಇದರ ಎರಡು ಪಟ್ಟಿಗೂ ಹೆಚ್ಚಾಗಬಹುದು.

ಬಹುಮಾನದ ಹಣ, ಪ್ರಾಯೋಜಕರ ಮಾತು ಇವನ್ನೂ ಬಜೆಟ್‌ನಲ್ಲಿ ಹಿಡಿಯಬಾರದು. ಖಾತೆಗೆ ಬಂದ ಮೇಲಷ್ಟೇ ಅದು ಹಣ. ಹೊಸಬರಿಗೆ ಸಿಗುವ ಪ್ರಾಯೋಜಕತ್ವ ಹೆಚ್ಚಾಗಿ ವಸ್ತು ರೂಪದ್ದು. ಪರಿಚಯದ ಗ್ಯಾರೇಜ್‌ನಿಂದ ಉಚಿತ ಸರ್ವಿಸ್, ಅಂಗಡಿಯಿಂದ ಟೈರ್‌ಗೆ ರಿಯಾಯಿತಿ. ಅದೂ ಉಳಿತಾಯವೇ.

ಎರಡು ವರ್ಷದ ಯೋಜನೆ

4,68,600 ರೂ.ಗಳನ್ನು ಒಂದು ವರ್ಷದಲ್ಲಿ ಹೊಂದಿಸಲು ತಿಂಗಳಿಗೆ 39,050 ರೂ. ಬೇಕು. ಎರಡು ವರ್ಷಕ್ಕೆ ಹಂಚಿದರೆ 19,525 ರೂ. ಸಾಕು. ಮೊದಲ ವರ್ಷ ಸೂಟ್, ಹೆಲ್ಮೆಟ್ ಮತ್ತು ತರಬೇತಿಗೆ ಮಾತ್ರ ಖರ್ಚು ಮಾಡಿ, ಉಳಿದದ್ದನ್ನು ಕೂಡಿಡಬಹುದು. ತರಬೇತಿ ಶಾಲೆಯ ಬೈಕ್‌ನಲ್ಲೇ ಟ್ರ್ಯಾಕ್ ನೋಡಿದ ಮೇಲೆ ಈ ಕ್ರೀಡೆ ತನಗೆ ಸರಿಯೇ ಎಂದು ಗೊತ್ತಾಗುತ್ತದೆ. ಸರಿಯಲ್ಲ ಎನಿಸಿದರೆ ನಷ್ಟ ಒಂದು ಲಕ್ಷದೊಳಗೆ ನಿಲ್ಲುತ್ತದೆ. ಸೂಟ್, ಹೆಲ್ಮೆಟ್ ರಸ್ತೆ ಪ್ರವಾಸಕ್ಕೂ ಬರುತ್ತವೆ.

ಈ ಅವಧಿಯಲ್ಲಿ ಅಭ್ಯಾಸಕ್ಕೆಂದು ಹೆದ್ದಾರಿಗೆ ಇಳಿಯುವುದು ಮಾತ್ರ ಸಲ್ಲದು. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಬಾರಿಗೆ 3 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡೂ ವಿಧಿಸಬಹುದು.

ಕೊನೆಯದಾಗಿ ಒಂದು ನಿಯಮ. ಬಿದ್ದಾಗಿನ ನಿಧಿ ತುಂಬಿಲ್ಲದಿದ್ದರೆ ಮುಂದಿನ ಸುತ್ತಿಗೆ ಹೆಸರು ಕೊಡಬಾರದು. ಎರಡನೇ ಸುತ್ತಿನಲ್ಲಿ ಬಿದ್ದು ನಿಧಿ ಖಾಲಿಯಾದರೆ ಮೂರನೆಯದನ್ನು ಬಿಟ್ಟು, ಮನೆಗೆ ಬಂದು, ಮತ್ತೆ ಕೂಡಿಡಬೇಕು. ಕೆಲವು ಅಂಕ ಹೋಗುತ್ತದೆ, ಮುಂದಿನ ಸೀಸನ್ ಉಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ರೇಸ್ ಟ್ರ್ಯಾಕ್‌ಗೂ ಸಲ್ಲುತ್ತದೆ. ಐದು ವರ್ಷವಾದರೂ ಓಡಿಸುತ್ತಲೇ ಇರುವವರು ಕೈಯಲ್ಲಿದ್ದಷ್ಟರಲ್ಲೇ ಓಡಿಸಿದವರು.